ಯಂಡಮೂರಿ: ಬೈದವರೂ ಓದಿದ ಕಾದಂಬರಿಕಾರ

ಯಂಡಮೂರಿ ವೀರೇಂದ್ರನಾಥ್ ಹೆಸರು ಎತ್ತಿದರೆ ಸಾಹಿತ್ಯ ಸಭೆಗಳಲ್ಲಿ ಇವತ್ತಿಗೂ ಕೆಲವರು ಮೂಗು ಮುರಿಯುತ್ತಾರೆ. 'ಅದು ಬಸ್‌ಸ್ಟ್ಯಾಂಡ್ ಸಾಹಿತ್ಯ ಕಣ್ರೀ' ಅಂತ ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ತೆಲುಗಿನಲ್ಲೂ ಕನ್ನಡದಲ್ಲೂ ನಾಲ್ಕು ಸಾಲು ಪದ್ಯ ಕಟ್ಟುವ ನಾನು ಅಂಥ ಸಭೆಗಳಲ್ಲಿ ಬೇಕಾದಷ್ಟು ಕೂತಿದ್ದೇನೆ. ಆದರೂ ಒಂದು ಮಾತು ಹೇಳಲೇಬೇಕು. ಮಡಕಶಿರಾ ಸೀಮೆಯ ನಮ್ಮಂಥ ಒಕ್ಕಲು ಮನೆಗಳಿಗೆ, ಮಂಡಿ ಅಂಗಡಿಗಳಿಗೆ ಕಾದಂಬರಿ ಅನ್ನೋದು ಹೊಕ್ಕಿದ್ದು ನಮ್ಮಂಥ ಕವಿಗಳಿಂದಲ್ಲ, ಈ ಮನುಷ್ಯನಿಂದ. ಅವರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಕೇಳಬೇಕಾದ ಲೆಕ್ಕವನ್ನೂ ಕೇಳೋಣ.

ಲೆಕ್ಕ ಅಂದರೆ ಅವರಿಗೆ ಹೊಸದಲ್ಲ. 1948ರಲ್ಲಿ ಪೂರ್ವ ಗೋದಾವರಿಯ ರಾಜೋಲಿನಲ್ಲಿ ಹುಟ್ಟಿದ ಯಂಡಮೂರಿ ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಹಣಕಾಸು ನಿಗಮದಲ್ಲಿ, ಆಮೇಲೆ ಬ್ಯಾಂಕಿನಲ್ಲಿ ಕೆಲಸ. ಮೊದಲು ನಾಟಕ ಬರೆದರು, ನಂತರ ಕಾದಂಬರಿಗೆ ಬಂದರು. 'ತುಳಸಿದಳಂ' ಆಂಧ್ರಭೂಮಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಮನೆಮನೆಯಲ್ಲೂ ಅದೇ ಮಾತಾಯಿತು. ಕೊನೆಗೆ ಬ್ಯಾಂಕಿನ ಸಂಬಳ ಬಿಟ್ಟು ಬರವಣಿಗೆಯನ್ನೇ ನಂಬಿ ಬದುಕಿದರು. ಭಾರತೀಯ ಭಾಷೆಗಳಲ್ಲಿ ಹೀಗೆ ಬದುಕಿದವರು ಎಷ್ಟು ಜನ ಸಿಗುತ್ತಾರೆ, ನೀವೇ ಎಣಿಸಿ.

ಆ ಲೆಕ್ಕಿಗನ ಬುದ್ಧಿ ಕಥೆಯಲ್ಲೂ ಕೆಲಸ ಮಾಡಿತು. 'ಡಬ್ಬು ಟು ದಿ ಪವರ್ ಆಫ್ ಡಬ್ಬು' ಕಾದಂಬರಿ 1984ರಲ್ಲಿ ಚಿರಂಜೀವಿಯ 'ಚಾಲೆಂಜ್' ಚಿತ್ರವಾಯಿತು. ಕೈಯಲ್ಲಿ ಕಾಸಿಲ್ಲದ ಹುಡುಗ ಐದು ವರ್ಷದಲ್ಲಿ ಐವತ್ತು ಲಕ್ಷ ಸಂಪಾದಿಸ್ತೀನಿ ಅಂತ ಪಂಥ ಕಟ್ಟುವ ಕಥೆ ಅದು. ನನಗೆ ಗೊತ್ತಿದ್ದ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. 1983ರಲ್ಲಿ ಚಿತ್ರವಾದ 'ಅಭಿಲಾಷ' ಇನ್ನೊಂದು ಬಗೆ. ಮರಣದಂಡನೆ ತಪ್ಪು ಅಂತ ತೋರಿಸಲಿಕ್ಕೆ ಒಬ್ಬ ವಕೀಲ ತಾನೇ ಕೊಲೆ ಆರೋಪ ಹೊರುತ್ತಾನೆ, ಆಮೇಲೆ ನಿಜವಾಗಿ ಸಿಕ್ಕಿಬೀಳುತ್ತಾನೆ. ಅಂದಿನ ಐಪಿಸಿ 302 ಅಂದರೆ ಏನೆಂದು ನಮ್ಮೂರ ಕಟ್ಟೆಯಲ್ಲಿ ಚರ್ಚೆಯಾಗಿದ್ದು ಆ ಕಥೆಯಿಂದ. ಐಪಿಸಿ 2024ರ ಜುಲೈಯಲ್ಲಿ ಹೋಯಿತು, ಮರಣದಂಡನೆ ಹೊಸ ಕಾಯ್ದೆಯಲ್ಲೂ ಉಳಿಯಿತು. ಕಾದಂಬರಿಕಾರ ಎತ್ತಿದ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ.

ಗಡಿನಾಡಿನ ನಮಗೆ ಅವರು ಎರಡೂ ದಾರಿಯಲ್ಲಿ ಬಂದರು. ಮನೆಯಲ್ಲಿ ಕನ್ನಡ ಓದುವ ಅತ್ತಿಗೆ, ಅಂಗಡಿಯಲ್ಲಿ ತೆಲುಗು ಓದುವ ಅಣ್ಣ, ರಾತ್ರಿ ಊಟದ ಹೊತ್ತಿಗೆ ಇಬ್ಬರದೂ ಒಂದೇ ಕಥೆ. 'ವೆನ್ನೆಲ್ಲೊ ಆಡಪಿಲ್ಲ'ವನ್ನು ಪದಕ್ಕೆ ಪದ ಇಳಿಸಿದ್ದರೆ 'ಬೆಳದಿಂಗಳಲ್ಲಿ ಹುಡುಗಿ' ಅಂತಾಗಿ ಸಪ್ಪೆಯಾಗುತ್ತಿತ್ತು. 'ಬೆಳದಿಂಗಳ ಬಾಲೆ' ಅಂದದ್ದರಿಂದ ಅದು ಕನ್ನಡದ್ದೇ ಆಯಿತು. 1995ರಲ್ಲಿ ಸುನೀಲ್ ಕುಮಾರ್ ದೇಸಾಯಿ ಚಿತ್ರ ಮಾಡಿದಾಗ ಚೆಸ್ ಆಟಗಾರನಾಗಿ ಅನಂತನಾಗ್ ಟೆಲಿಫೋನಿನ ದನಿಯೊಂದನ್ನು ಹುಡುಕುತ್ತ ಅಲೆದರು. ಅದು ತೆಲುಗಿನಿಂದ ಬಂದ ಕಥೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಾಗಲಿಲ್ಲ. ಅನುವಾದಕ ಗೆದ್ದ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಕೇಳಬೇಕಾದ ಲೆಕ್ಕ. 'ತುಳಸಿದಳಂ'ನಲ್ಲಿ ಒಂದು ಮಗುವಿನ ಮೇಲೆ ಕಾಶ್ಮೋರಾ ಪ್ರಯೋಗ ನಡೆಯುತ್ತದೆ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಾಂತ್ರಿಕರು. ತೆಲುಗು ವಿಮರ್ಶಕರು ಅಂಥ ಬರಹಕ್ಕೆ 'ಕ್ಷುದ್ರ ಸಾಹಿತ್ಯ' ಅಂತಲೇ ಹೆಸರಿಟ್ಟರು. ಆ ಟೀಕೆಯಲ್ಲಿ ಹುರುಳಿದೆ. ಪಟ್ಟಣದ ಓದುಗ ಹೆದರಿ, ಪುಸ್ತಕ ಮುಚ್ಚಿ, ನಿದ್ದೆ ಹೋಗುತ್ತಾನೆ. ನಮ್ಮ ಹಳ್ಳಿಗಳಲ್ಲಿ ಹಾಗಲ್ಲ. ಮಗುವಿಗೆ ಜ್ವರ ಇಳಿಯದಿದ್ದರೆ ಊರಾಚೆಯ ಒಂಟಿ ಮುದುಕಿಯ ಕಡೆ ಬೆರಳು ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಆಕೆಗೆ ಯಾರೂ ನೀರು ಕೊಡಲಿಲ್ಲ. ಆ ಹೆದರಿಕೆ ಕಾದಂಬರಿಗಿಂತ ಎಷ್ಟೋ ಹಿಂದಿನದು, ನಿಜ. ಆದರೆ ಅಕ್ಷರ ಕಲಿತವರ ಕೈಗೂ ಅದಕ್ಕೊಂದು ಹೆಸರು, ಒಂದು ವಿಧಾನ ಕೊಟ್ಟದ್ದು ಇಂಥ ಕಥೆಗಳೇ. ಕರ್ನಾಟಕ 2017ರಲ್ಲಿ ವಾಮಾಚಾರ ತಡೆಗೆ ಕಾಯ್ದೆ ಮಾಡಬೇಕಾಯಿತು ಅಂದಮೇಲೆ ಇದು ಬರೀ ಕಥೆಯ ಮಾತಲ್ಲ.

ಹಾಗಂತ ಒಂದು ಪುಸ್ತಕ ಹಿಡಿದು ಮಿಕ್ಕಿದ್ದನ್ನೆಲ್ಲ ಒಲೆಗೆ ಹಾಕಬೇಕೆ? ಬೆಳೆಯಲ್ಲಿ ಕಳೆ ಬಂತೆಂದು ಯಾವ ರೈತನೂ ಹೊಲ ಸುಡುವುದಿಲ್ಲ. ಯಂಡಮೂರಿ ಒಳ್ಳೆಯ ಕಾದಂಬರಿಗಳಲ್ಲಿ ಗಂಟು ಬಿಚ್ಚುವುದು ಮಂತ್ರವಲ್ಲ, ಮಿದುಳು. ಅವರು 1991ರಲ್ಲಿ 'ಸ್ಟೂವರ್ಟ್‌ಪುರಂ ಪೊಲೀಸ್ ಸ್ಟೇಷನ್' ನಿರ್ದೇಶಿಸಿದರು, ಅದು ಓಡಲಿಲ್ಲ. ಆಮೇಲೆ 'ವಿಜಯಾನಿಕಿ ಐದು ಮೆಟ್ಲು'ವಿನಂಥ ವ್ಯಕ್ತಿತ್ವ ವಿಕಾಸದ ಪುಸ್ತಕಗಳಿಗೆ ತಿರುಗಿದರು. ಕಾಶ್ಮೋರಾ ಬರೆದ ಕೈಯೇ ಹುಡುಗರಿಗೆ 'ನಿನ್ನ ಬುದ್ಧಿಯನ್ನು ನಂಬು' ಅಂತ ಬರೆಯಿತು. ಆ ಲೆಕ್ಕದ ಜಮಾ ಬದಿಯೂ ಸಣ್ಣದೇನಲ್ಲ.

ಈಗಿನ ಸಂಕಟ ಬೇರೆ. ನಮ್ಮೂರಲ್ಲಿ ಒಂದು ವಾರಪತ್ರಿಕೆ ಹತ್ತು ಮನೆ ತಿರುಗುತ್ತಿದ್ದ ಕಾಲ ಹೋಯಿತು. ಗಡಿಯ ಹುಡುಗರ ಕೈಯಲ್ಲಿ ಮೊಬೈಲಿದೆ. ತೆಲುಗು ಮಾತಾಡ್ತಾರೆ, ಕನ್ನಡ ಮಾತಾಡ್ತಾರೆ, ಒಂದು ಪುಟ ಓದಿ ಅಂದರೆ ಎರಡರಲ್ಲೂ ತಡವರಿಸುತ್ತಾರೆ. ಅವರ ಕೈಗೆ ಮೊದಲಿಗೇ ಮಹಾಕಾವ್ಯ ಕೊಟ್ಟರೆ ಓಡಿಹೋಗುತ್ತಾರೆ. 'ಮುಂದೇನಾಯ್ತು?' ಅನ್ನುವ ಕಥೆ ಕೊಡಿ. ಗ್ರಾಮದ ಗ್ರಂಥಾಲಯಕ್ಕೆ ಪುಸ್ತಕ ಆರಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: 'ಅಭಿಲಾಷ'ದಂಥ ಕಾದಂಬರಿಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ತರಿಸಿ, ಪಕ್ಕಪಕ್ಕದಲ್ಲಿ ಇಡಿ. 'ತುಳಸಿದಳ'ವನ್ನೂ ಬಚ್ಚಿಡಬೇಡಿ, ಓದಿದ ಮಕ್ಕಳ ಜೊತೆ ಕೂತು ಜ್ವರ ಯಾಕೆ ಬರುತ್ತೆ ಅಂತ ಮಾತಾಡಿ. ಓದುವ ಚಟ ಹತ್ತಿದವನು ಒಂದು ದಿನ ನಮ್ಮ ಪದ್ಯಕ್ಕೂ ಬಂದಾನು. ಚಟವೇ ಇಲ್ಲದವನು ಯಾರ ಬರಹಕ್ಕೂ ಬರುವುದಿಲ್ಲ.