ಲಾಭಾಂಶಕ್ಕೆ ಎರಡು ಸಲ ಕತ್ತರಿ

ಶೇ 22ರ ದರ ಆಯ್ದುಕೊಂಡ ಕಂಪನಿ 100 ರೂಪಾಯಿ ಲಾಭ ಗಳಿಸಿದರೆ, ಸರ್ಚಾರ್ಜ್, ಸೆಸ್ ಸೇರಿ 25 ರೂಪಾಯಿ ಚಿಲ್ಲರೆ ಸರ್ಕಾರಕ್ಕೆ ಹೋಗುತ್ತದೆ. ಮಿಕ್ಕಿದ್ದನ್ನು ಹಂಚಿದರೆ ಶೇ 30ರ ಸ್ಲ್ಯಾಬಿನ ಷೇರುದಾರ ಮತ್ತೆ ಶೇ 31.2 ಕಟ್ಟಬೇಕು. ಕೊನೆಗೆ ಅವರ ಕೈಯಲ್ಲಿ ಉಳಿಯುವುದು ಐವತ್ತೊಂದೂವರೆ ರೂಪಾಯಿ.

2020ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಲಾಭಾಂಶ ವಿತರಣಾ ತೆರಿಗೆಯನ್ನು ತೆಗೆದುಹಾಕಿದರು. ಸಣ್ಣ ಆದಾಯದವರೂ ಒಂದೇ ದರದ ಹೊರೆ ಹೊರುತ್ತಿದ್ದರು ಎಂಬ ಅವರ ವಾದ ನಿಜವೇ. ಆದರೆ ಎರಡನೆಯ ಕತ್ತರಿ ಕಂಪನಿಯ ಕೈಯಿಂದ ಷೇರುದಾರರ ಮನೆಗೆ ಬಂತು, ಅಷ್ಟೇ.

‘ಕಟ್ಟಲಿ ಬಿಡಿ, ಷೇರು ಇಟ್ಟವರು ಉಳ್ಳವರು’ ಎನ್ನುವವರು ಒಂದು ಲೆಕ್ಕ ಹಾಕಿ ನೋಡಲಿ. ತೆರಿಗೆ ಕಳೆದು ಶೇ 9 ಉಳಿಯಬೇಕೆನ್ನುವ ಇದೇ ಸ್ಲ್ಯಾಬಿನ ಹೂಡಿಕೆದಾರರಿಗೆ, ಗಳಿಕೆಯೆಲ್ಲ ಲಾಭಾಂಶವಾಗಿಯೇ ಬಂದರೆ ಶೇ 13ಕ್ಕೂ ಹೆಚ್ಚು ಬೇಕು. ಷೇರಿನ ಬೆಲೆ ಏರಿ ಬಂದರೆ, 2024ರ ಜುಲೈ ನಂತರದ ಶೇ 12.5ರ ದೀರ್ಘಾವಧಿ ತೆರಿಗೆ, ಸೆಸ್ ಕಳೆದೂ ಶೇ 10.3 ಸಾಕು. ಹಾಗಾಗಿ ಅವರು ಲಾಭಾಂಶದ ಷೇರಿಗೆ ಕಡಿಮೆ ಬೆಲೆಯನ್ನೇ ಕೂಗುತ್ತಾರೆ. ಬೆಲೆ ಇಳಿದಷ್ಟೂ ಕಂಪನಿಗೆ ಹೊಸ ಬಂಡವಾಳ ತುಟ್ಟಿ.

ಮ್ಯೂಚುವಲ್ ಫಂಡ್‌ಗಳಿಗೆ ಈ ತೆರಿಗೆಯಿಲ್ಲ, ಬೆಲೆ ಕಟ್ಟುವವರು ಅವರೇ ಆದರೆ ಪರಿಣಾಮ ತೆಳುವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ತೆಳುವಾಗುತ್ತದೆ, ಇಲ್ಲವಾಗುವುದಿಲ್ಲ. ತಮಾಷೆಯೆಂದರೆ, ಧಾರಾಳವಾಗಿ ಲಾಭಾಂಶ ಹಂಚುವ ಕೋಲ್ ಇಂಡಿಯಾದಂಥ ಕಂಪನಿಗಳ ದೊಡ್ಡ ಮಾಲೀಕ ಸರ್ಕಾರವೇ. 2010ರಲ್ಲಿ ಅದರ ಶೇ 10ರಷ್ಟು ಷೇರು ಮಾರಿ 15,000 ಕೋಟಿ ರೂಪಾಯಿಗೂ ಹೆಚ್ಚು ಎತ್ತಿದ್ದೂ ಅದೇ. ತಾನು ಮಾರುವ ಸರಕಿನ ಬೆಲೆಯನ್ನು ತಾನೇ ಇಳಿಸುವ ವ್ಯಾಪಾರಿ ಬೇರೆಲ್ಲಿ ಸಿಕ್ಕಾನು?

2024ರ ಅಕ್ಟೋಬರ್‌ನಿಂದ ಷೇರು ಮರುಖರೀದಿಯ ಹಣವನ್ನೂ ಲಾಭಾಂಶವೆಂದೇ ಎಣಿಸಲಾಯಿತು. 2025ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಷೇರಿಗೆ 1,800 ರೂಪಾಯಿಯಂತೆ 18,000 ಕೋಟಿ ರೂಪಾಯಿಯ ಮರುಖರೀದಿ ಘೋಷಿಸಿತು. 1,500ಕ್ಕೆ ಕೊಂಡವರ ಲಾಭ 300. ಶೇ 31.2ರ ತೆರಿಗೆಯೋ ಇಡೀ 1,800ರ ಮೇಲೆ, ಅಂದರೆ ಸುಮಾರು 562 ರೂಪಾಯಿ! ಕೊಂಡ ಬೆಲೆಯನ್ನು ಬಂಡವಾಳ ನಷ್ಟವೆಂದು ತೋರಿಸಿ ಮುಂದಿನ ವರ್ಷಗಳ ಬಂಡವಾಳ ಗಳಿಕೆಗೆ ವಜಾ ಹಾಕಿಕೊಳ್ಳಬಹುದಿತ್ತು, ಅಂಥ ಗಳಿಕೆ ಇದ್ದವರು.

ಆಸ್ಟ್ರೇಲಿಯಾ 1987ರಿಂದಲೇ ಕಂಪನಿ ಕಟ್ಟಿದ ತೆರಿಗೆಯನ್ನು ಷೇರುದಾರರ ಲೆಕ್ಕಕ್ಕೆ ಜಮಾ ಮಾಡುತ್ತಿದೆ. ಅಲ್ಲಿ ಉಳ್ಳವರು ತಮ್ಮ ದರದ ವ್ಯತ್ಯಾಸವನ್ನಷ್ಟೇ ತುಂಬುತ್ತಾರೆ; ಇಲ್ಲಿಯೂ ಕೇಳಬೇಕಾದ್ದು ಆ ಜಮೆಯನ್ನೇ, ವಿನಾಯಿತಿಯನ್ನಲ್ಲ.