ಹಬ್ಬದ ಸಿಹಿ ಮತ್ತು ಮನೆಯ ನಾಯಿ

ಹಬ್ಬದ ದಿನ ಮನೆಯವರಿಗೆಲ್ಲ ಬಡಿಸಿ, ನೆಂಟರನ್ನು ಉಪಚರಿಸಿ, ಪಕ್ಕದ ಮನೆಗೂ ಒಂದು ತಟ್ಟೆ ಕಳಿಸಿ ಉಸ್ಸಪ್ಪಾ ಎಂದು ಕೂರುವ ಹೊತ್ತಿಗೆ ಬಾಗಿಲ ಬಳಿಯಿಂದ ಎರಡು ಕಣ್ಣು ನಮ್ಮನ್ನೇ ನೋಡುತ್ತಿರುತ್ತವೆ. “ಅಯ್ಯೋ ಪಾಪ, ಅದಕ್ಕೂ ಹಬ್ಬ ಬೇಡ್ವೇನ್ರೀ?” ಎನ್ನುತ್ತಾ ಕೈಯಲ್ಲಿದ್ದ ಹೋಳಿಗೆಯಲ್ಲಿ ಒಂದು ಚೂರು ಮುರಿದು ಹಾಕದ ಗೃಹಿಣಿ ಯಾರಿದ್ದಾರೆ ಹೇಳಿ?

ಇದೇ ವಿಷಯವಾಗಿ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯಲ್ಲಿ ಆರು ಕಿಲೋ ತೂಗುವ ಬಿಳಿ ಪಾಮೇರಿಯನ್ ಇದೆ. ಅತ್ತೆಯವರಿಗೆ ಅದರ ಮೇಲೆ ಪ್ರಾಣ. ಹಬ್ಬ ಬಂತೆಂದರೆ ತಮ್ಮ ಎಲೆಯ ಪಾಯಸ, ಕೇಸರಿಬಾತು ಎಲ್ಲದರಲ್ಲೂ ಒಂದು ಪಾಲು ತೆಗೆದಿಟ್ಟು ಅದಕ್ಕೆ ಹಾಕುತ್ತಾರೆ. “ಬೇಡಿ ಅತ್ತೆ ಅಂದ್ರೆ, ಭೈರವನ ವಾಹನಕ್ಕೆ ಒಂದು ತುತ್ತು ಹಾಕೋಕೂ ನಿನ್ನ ಅಪ್ಪಣೆ ಬೇಕೇನಮ್ಮ ಅಂತಾರೆ. ಸಿಹಿ ತಿಂದರೆ ನಾಯಿಗೆ ಹೊಟ್ಟೆಯಲ್ಲಿ ಹುಳು ಆಗುತ್ತೆ ಅಂತ ಕೇಳಿದ್ದೇನೆ, ನಿಜವೇ?” ಎಂದು ಅವರ ಪ್ರಶ್ನೆ.

ಹುಳುವಿನ ಮಾತು ನಿಜವಲ್ಲ, ಸೋದರಿ. ನಾಯಿಗೆ ಹುಳು ಬರುವುದು ಮಣ್ಣಿನಿಂದ, ತಾಯಿನಾಯಿಯಿಂದ, ಮೈಮೇಲಿನ ಚಿಗಟದಿಂದ. ಸಕ್ಕರೆ ಬೆಲ್ಲದಿಂದಲ್ಲ. ದಿನವೂ ಸಿಹಿ ತಿಂದ ನಾಯಿ ಬೊಜ್ಜು ಬೆಳೆಸಿಕೊಳ್ಳುತ್ತದೆ, ಹಲ್ಲು ಕೆಡಿಸಿಕೊಳ್ಳುತ್ತದೆ. ಅದು ಒಳ್ಳೆಯದಲ್ಲ, ಆದರೆ ಒಂದೇ ದಿನದಲ್ಲಿ ಜೀವ ತೆಗೆಯುವಂಥದ್ದೂ ಅಲ್ಲ. ನಿಮ್ಮ ಅತ್ತೆಯವರ ಪಾಯಸದಲ್ಲಿ ನನಗೆ ಭಯ ಹುಟ್ಟಿಸುವುದು ಸಕ್ಕರೆಯಲ್ಲ, ತುಪ್ಪದಲ್ಲಿ ಉಬ್ಬಿ ಮೇಲೆ ತೇಲುವ ಒಣದ್ರಾಕ್ಷಿ!

ಹೌದು, ದ್ರಾಕ್ಷಿ. ಹಸಿಯದಾಗಲಿ ಒಣಗಿದ್ದಾಗಲಿ, ಕಪ್ಪಾಗಲಿ ಹಸಿರಾಗಲಿ, ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಇಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳುವ ಅಳತೆಯೇ ಇಲ್ಲ. ಒಂದು ನಾಯಿ ಹಿಡಿ ತುಂಬ ತಿಂದು ಬಾಲ ಅಲ್ಲಾಡಿಸುತ್ತಾ ಓಡಾಡಿಕೊಂಡಿರುತ್ತದೆ, ಇನ್ನೊಂದು ಹತ್ತು ಹನ್ನೆರಡು ತಿಂದೇ ಮಲಗಿಬಿಡುತ್ತದೆ. ಇದೇಕೆ ಹೀಗೆ ಎಂಬುದಕ್ಕೆ ೨೦೨೧ರಲ್ಲಿ ಅಮೆರಿಕದ ಪಶುವೈದ್ಯರು ಒಂದು ಕಾರಣ ಸೂಚಿಸಿದರು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಈ ವಿಷವಿರಬೇಕು, ಅದು ಹಣ್ಣಿನ ಜಾತಿಗೂ ಮಾಗಿದ ಹದಕ್ಕೂ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ ಎಂದು. ಒಣಗಿಸಿದಾಗ ನೀರು ಹೋಗಿ ಉಳಿದದ್ದೆಲ್ಲ ಗಟ್ಟಿಯಾಗುವುದರಿಂದ ಒಣದ್ರಾಕ್ಷಿ ಇನ್ನೂ ಕೆಟ್ಟದ್ದು. ತುಪ್ಪದಲ್ಲಿ ಹುರಿದರೆ, ಹಾಲಿನಲ್ಲಿ ಕುದಿಸಿದರೆ ಅದರ ವಿಷ ಹೋಗುತ್ತದೆಂದು ನಂಬಿ ಕೂರಬೇಡಿ.

ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಹುಣಸೆ ತಿಂದ ನಾಯಿಗಳಿಗೂ ಮೂತ್ರಪಿಂಡದ ತೊಂದರೆ ಆದದ್ದನ್ನು ಆ ವೈದ್ಯರು ಕಂಡಿದ್ದಾರೆ. ಆದ್ದರಿಂದ ಸಿಹಿ ಬಿಟ್ಟು ಪುಳಿಯೋಗರೆ ಹಾಕಿದರಾಯಿತು ಎಂದುಕೊಳ್ಳಬೇಡಿ. ಗೊಜ್ಜೂ ಬೇಡ.

“ನಮ್ಮ ಕಾಲದಲ್ಲಿ ಎಲ್ಲ ಹಾಕ್ತಿದ್ವಿ, ಯಾವ ನಾಯಿ ಸತ್ತಿತ್ತು?” ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ದ್ರಾಕ್ಷಿಯ ಈ ಗುಣ ವೈದ್ಯರಿಗೇ ಸರಿಯಾಗಿ ಗೊತ್ತಾದದ್ದು ೨೦೦೦ದ ಆಸುಪಾಸಿನಲ್ಲಿ. ಮೇಲಾಗಿ ಇದು ತಿಂದ ಕೂಡಲೇ ಕೆಡವುವ ವಿಷವಲ್ಲ. ಮೊದಲ ದಿನ ವಾಂತಿ, ಮಂಕು, ಊಟ ಬೇಡ. ಮನೆಯವರು “ಹಬ್ಬದ ಊಟ ಜಾಸ್ತಿಯಾಯ್ತು ಅದಕ್ಕೆ” ಎಂದು ನಕ್ಕು ಸುಮ್ಮನಾಗುತ್ತಾರೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಮೂತ್ರ ಕಡಿಮೆಯಾಗಿ, ಕೊನೆಗೆ ನಿಂತೇಹೋಗುತ್ತದೆ. ಅಷ್ಟರಲ್ಲಿ ಹಬ್ಬ ಮುಗಿದಿರುತ್ತದೆ, ಪಾಯಸ ಯಾರ ನೆನಪಿನಲ್ಲೂ ಇರುವುದಿಲ್ಲ. ಹಿಂದೆ ಹಾಗೆ ಸತ್ತ ನಾಯಿಗಳನ್ನು ಯಾರು ಎಣಿಸಿದ್ದಾರೆ?

ಇನ್ನು ನಮ್ಮ ಅಡುಗೆಮನೆಯತ್ತ ನೋಡೋಣ. ದ್ರಾಕ್ಷಿ ಇರುವುದು ಪಾಯಸ, ಕೇಸರಿಬಾತು, ಸಿಹಿ ಪೊಂಗಲ್‌ಗಳಲ್ಲಿ. ಲಾಡುವಿನಲ್ಲೂ ಒಂದೆರಡು ಅಡಗಿ ಕೂತಿರುತ್ತವೆ. ರಂಜಾನಿನ ಶೀರ್‌ಕುರ್ಮಾದಲ್ಲಂತೂ ಕೇಳುವುದೇ ಬೇಡ. ಕ್ರಿಸ್‌ಮಸ್ಸಿನ ಪ್ಲಮ್ ಕೇಕು ಎಲ್ಲಕ್ಕಿಂತ ಮಿಗಿಲು, ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿಯೆಂದರೆ ಮದ್ಯವೂ ಸೇರಿ ಎರಡು ವಿಷ. “ದ್ರಾಕ್ಷಿ ಆರಿಸಿ ತೆಗೆದು ಹಾಕ್ತೀನಿ” ಎನ್ನುವಿರಾ? ಹಬ್ಬದ ಗಡಿಬಿಡಿಯಲ್ಲಿ ನಮ್ಮ ಕಣ್ಣಿಗೆ ನಾಲ್ಕು ಸಿಕ್ಕರೆ ಎರಡು ತಪ್ಪಿಸಿಕೊಳ್ಳುತ್ತವೆ.

ಹೋಳಿಗೆ, ಕಾಯಿಕಡುಬು, ಸಂಕ್ರಾಂತಿಯ ಸಕ್ಕರೆ ಅಚ್ಚು ಇವುಗಳಲ್ಲಿ ವಿಷವೇನಿಲ್ಲ. ಉಗುರಿನಷ್ಟು ಚೂರು ಬಾಯಿಗೆ ಬಿತ್ತೆಂದು ಗಾಬರಿ ಬೇಡ. ಆದರೆ ತುಪ್ಪ ಸುರಿದ ಎರಡು ಹೋಳಿಗೆ, ಎಣ್ಣೆ ಕುಡಿದ ಕಜ್ಜಾಯ ಆರು ಕಿಲೋ ನಾಯಿಗೆ ಬಹಳವಾಯಿತು. ಒಮ್ಮೆಲೇ ಅಷ್ಟು ಜಿಡ್ಡು ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆಗ ನಾಯಿ ಬಿಡದೆ ವಾಂತಿ ಮಾಡುತ್ತದೆ, ಹೊಟ್ಟೆ ಮುಟ್ಟಿದರೆ ನೋವಿನಿಂದ ನರಳುತ್ತದೆ. ಬರ್ಫಿ, ಪೇಡೆಯ ಹಾಲು ಕೆಲವು ನಾಯಿಗಳಿಗೆ ಭೇದಿ ಹಿಡಿಸುತ್ತದೆ, ಅಷ್ಟೇ.

ಈಗೀಗ ದೀಪಾವಳಿಗೆ ಡಬ್ಬಿ ಡಬ್ಬಿ ಚಾಕೊಲೇಟು ಕೊಡುವುದೇ ಮರ್ಯಾದೆಯಾಗಿದೆ. (ಮೈಸೂರುಪಾಕು ಯಾವಾಗ ಕೀಳಾಯಿತೋ ನಾನರಿಯೆ.) ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ನಮ್ಮ ಮೈಯಿಂದ ಬೇಗ ಇಳಿದುಹೋಗುತ್ತದೆ. ನಾಯಿಯ ಮೈಯಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ೧೭ ಗಂಟೆ ಬೇಕು. ಬಣ್ಣ ಕಪ್ಪಾದಷ್ಟೂ ವಿಷ ಹೆಚ್ಚು. ೫೦ ಗ್ರಾಮಿನ ಹಾಲಿನ ಚಾಕೊಲೇಟು ನಿಮ್ಮ ಪಾಮೇರಿಯನ್‌ಗೆ ವಾಂತಿ ಭೇದಿ ತರಬಹುದು. ಅಷ್ಟೇ ತೂಕದ ಕಹಿ ಚಾಕೊಲೇಟು ತಿಂದರೆ ಎದೆಬಡಿತವೇ ತಪ್ಪಬಹುದು, ಇನ್ನೂ ಹೆಚ್ಚಾದರೆ ಸೆಳವು ಬರುತ್ತದೆ. ಕೇಕಿಗೆ ಹಾಕುವ ಕೋಕೋ ಪುಡಿ ಇದಕ್ಕಿಂತಲೂ ತೀಕ್ಷ್ಣ.

ಮಾವನವರ ಸಕ್ಕರೆ ಕಾಯಿಲೆಗೆಂದು ತಂದ ಸಕ್ಕರೆರಹಿತ ಸಿಹಿಯನ್ನು “ಇದರಲ್ಲಿ ಸಕ್ಕರೆಯೇ ಇಲ್ವಲ್ಲ” ಎಂದು ನಾಯಿಗೆ ಹಾಕುವವರಿದ್ದಾರೆ. ಡಬ್ಬಿಯ ಮೇಲೆ ಜೈಲಿಟಾಲ್ ಎಂದಿದೆಯೇ, ಮೊದಲು ಓದಿ. ನಮಗೆ ಏನೂ ಮಾಡದ ಆ ಪದಾರ್ಥ ನಾಯಿಯ ಮೈಯಲ್ಲಿ ಇನ್ಸುಲಿನ್ ಉಕ್ಕಿಸುತ್ತದೆ. ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು, ಆಮೇಲೆ ಪಿತ್ತಜನಕಾಂಗಕ್ಕೂ ಪೆಟ್ಟು. ಆರು ಕಿಲೋ ನಾಯಿಗೆ ಅರ್ಧ ಗ್ರಾಂ ದಾಟಿದರೇ ಅಪಾಯ. ಮಕ್ಕಳು ಅಗಿಯುವ ಕೆಲವು ಚ್ಯೂಯಿಂಗ್ ಗಮ್‌ನಲ್ಲೂ ಇದಿದೆ.

ಇಂಥದ್ದೇನಾದರೂ ತಿಂದದ್ದು ಗೊತ್ತಾದರೆ ನಾಯಿ ಚೆನ್ನಾಗೇ ಇದೆಯಲ್ಲ ಎಂದು ಕಾಯುತ್ತಾ ಕೂರಬೇಡಿ. ಮೊದಲ ಎರಡು ಗಂಟೆಯೊಳಗಾದರೆ ವೈದ್ಯರು ಮದ್ದು ಕೊಟ್ಟು ಕಕ್ಕಿಸುತ್ತಾರೆ, ಆಮೇಲೆ ಕಷ್ಟ. ಏನು ತಿಂತು, ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು ಎಂಬುದನ್ನು ಹೇಳಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಹೋಗಿ. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಖಂಡಿತ ಬೇಡ, ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷ. ಎಣ್ಣೆ, ಹಾಲು, ಮಜ್ಜಿಗೆಯೂ ಬೇಡ. ಹಬ್ಬದ ದಿನ ಹತ್ತಿರದ ಯಾವ ವೈದ್ಯರು ಸಿಗುತ್ತಾರೆಂಬುದನ್ನು ಹಿಂದಿನ ದಿನವೇ ವಿಚಾರಿಸಿ, ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ವಿಚಾರಿಸಬಹುದು.

ಈಗ ನಿಮ್ಮ ಅತ್ತೆಯವರ ವಿಷಯ. ಅವರನ್ನು “ಹಾಕಲೇಬೇಡಿ” ಎಂದು ತಡೆಯಬೇಡಿ ಸೋದರಿ. ಕೈಯಾರೆ ಒಂದು ಜೀವಕ್ಕೆ ತುತ್ತು ಹಾಕುವುದು ಅವರಿಗೆ ಹಬ್ಬದ ಅರ್ಧ ಸಂತೋಷ. ನೀವು ಬೇಡವೆಂದಷ್ಟೂ ಅವರು ಮರೆಯಲ್ಲಿ ಹಾಕುತ್ತಾರೆ, ಮರೆಯಲ್ಲಿ ಹಾಕಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ದ್ರಾಕ್ಷಿಯ ವಿಷಯವನ್ನು ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಇಬ್ಬರೇ ಸೊಪ್ಪು ಸೋಸುತ್ತಾ ಕೂತಾಗ ಹೇಳಿ, ನೆಂಟರ ಮುಂದೆ ಬೇಡ. ನಾಯಿಯ ಪಾಲನ್ನು ಬೇರೆಯೇ ಮಾಡಿ. ಉಪ್ಪು ಹಾಕದೆ ಬೇಯಿಸಿದ ಸಿಹಿಗೆಣಸು ಅಥವಾ ಸಿಹಿಕುಂಬಳದ ನಾಲ್ಕು ಹೋಳು, ಒಂದು ಹಿಡಿ ಅನ್ನ, ಎರಡು ಚಮಚ ಮೊಸರು. ನಾಯಿಗೆ ಗೆಣಸಿನ ಸಿಹಿಯೇ ಹಬ್ಬ. ಇದನ್ನು ಒಂದು ಚಿಕ್ಕ ಬಾಳೆಲೆಯಲ್ಲಿ ಹಾಕಿ ಅತ್ತೆಯವರ ಕೈಗೇ ಕೊಡಿ, “ನೀವೇ ಹಾಕಿ ಅತ್ತೆ, ನಿಮ್ಮ ಕೈಯಿಂದಾದ್ರೆ ಬೇಗ ತಿನ್ನುತ್ತೆ” ಅನ್ನಿ. ತಿಂದಾದ ಮೇಲೆ ಎಲೆ ಎತ್ತಿಬಿಡಿ, ಎಲೆಯನ್ನೂ ನುಂಗೀತು. ಉಂಡೆದ್ದವರ ಎಲೆಗಳನ್ನು ಹಿತ್ತಿಲ ಬುಟ್ಟಿಯಲ್ಲಿ ತೆರೆದಿಡದೆ ಮುಚ್ಚಳ ಹಾಕಿಡಿ. ಬಿಸಾಡಿದ ಪಾಯಸವೂ ಪಾಯಸವೇ.