ಎರಡನೆಯ ಬೆಳೆಗೆ ಗೊಬ್ಬರ ಎಲ್ಲಿಂದ?

ಬಹುಕಾಲ ಬೀಳು ಬಿಟ್ಟ ಹೊಲದಲ್ಲಿ ಮೊದಲ ವರ್ಷ ಯಾರು ರಾಗಿ ಬಿತ್ತಿದರೂ ತೆನೆ ತೂಗುತ್ತದೆ. ವರ್ಷಗಟ್ಟಲೆ ಉದುರಿದ ತರಗೆಲೆ, ಕೊಳೆತ ಬೇರು, ಎರೆಹುಳುವಿನ ದುಡಿಮೆ ಕೂಡಿಟ್ಟ ಸಾರವನ್ನು ಆ ಬೆಳೆ ಉಂಡು ಬೆಳೆಯುತ್ತದೆ. ಬೇಸಾಯಗಾರನ ನಿಜವಾದ ಪರೀಕ್ಷೆ ಅನಂತರದ ಬೆಳೆಯಲ್ಲಿ. ಮಣ್ಣಿಗೆ ಏನನ್ನು ಹಿಂದಿರುಗಿಸಲಾಗಿದೆ ಎಂಬುದನ್ನು ಅದು ಸುಳ್ಳಿಲ್ಲದೆ ಹೇಳುತ್ತದೆ. ಸಂಗೀತ ತಂಡಗಳ ಎರಡನೆಯ ಧ್ವನಿಮುದ್ರಿಕೆಗೂ ಈ ಮಾತು ಸಲ್ಲುತ್ತದೆ. ಬೆಟ್ಟದ ಹಳ್ಳಿಗಳಿಗೆ ಈ ಸಂಗತಿ ದೂರದ್ದೆಂದು ತೋರಬಹುದು. ಆದರೆ ಅದರ ಬೇರು ಇಲ್ಲಿನ ನೆಲದಲ್ಲಿಯೇ ಇದೆ.

ರಾಕ್ ಸಂಗೀತದ ‘ಪ್ರೋಗ್ರೆಸಿವ್’ ಕವಲು 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಲಗೊಂಡಿತು. ಮೂರು ನಿಮಿಷದ ಹಾಡಿನ ಬೇಲಿಯನ್ನು ದಾಟಿ, ತಾಳಗಳನ್ನು ಬದಲಿಸುತ್ತ, ಶಾಸ್ತ್ರೀಯ ಸಂಗೀತದಿಂದಲೂ ಜಾಸ್‌ನಿಂದಲೂ ಪಡೆಯುತ್ತ ದೀರ್ಘ ರಚನೆಗಳನ್ನು ಕಟ್ಟುವುದು ಅದರ ಬಗೆ. ಆ ಪಂಥದ ಮುಂಚೂಣಿಯ ತಂಡ ಕಿಂಗ್ ಕ್ರಿಮ್ಸನ್ ಮೊದಲ ಧ್ವನಿಮುದ್ರಿಕೆಯನ್ನು 1969ರ ಅಕ್ಟೋಬರ್‌ನಲ್ಲಿ ಹೊರತಂದಿತು. ಎರಡನೆಯದು 1970ರ ಮೇ ತಿಂಗಳಲ್ಲಿ, ಅಂದರೆ ಏಳೇ ತಿಂಗಳಲ್ಲಿ ಬಂದಿತು. ಅಷ್ಟರಲ್ಲಿ ತಂಡದ ಸ್ಥಾಪಕ ಸದಸ್ಯರಲ್ಲಿ ಮೂವರು ಹೊರನಡೆದಿದ್ದರು. ಎರಡನೆಯದು ಮೊದಲನೆಯದರ ಅಚ್ಚಿನಲ್ಲಿಯೇ ಎರಕಗೊಂಡಿದೆ ಎಂಬ ಟೀಕೆ ಇಂದಿಗೂ ಉಳಿದಿದೆ. ಕೊಯ್ದ ಹೊಲಕ್ಕೆ ಮಾಗಿ ಉಳುಮೆಯೂ ಇಲ್ಲದೆ ಮತ್ತೆ ಬೀಜ ಚೆಲ್ಲಿದಂತೆ ಅದು.

ಕೋಲಾರದ ನೆರೆಯ ಬೆಂಗಳೂರಿನ ತಂಡಗಳು ಇಷ್ಟು ಅವಸರಪಡಲಿಲ್ಲ. ಕರ್ನಾಟಕ ಸಂಗೀತವನ್ನು ಪ್ರೋಗ್ರೆಸಿವ್ ರಾಕ್‌ನೊಡನೆ ಬೆಸೆದ ‘ಅಗಂ’ ತಂಡದ ಮೊದಲ ಧ್ವನಿಮುದ್ರಿಕೆ 2012ರಲ್ಲಿ, ಎರಡನೆಯದಾದ ‘ಎ ಡ್ರೀಮ್ ಟು ರಿಮೆಂಬರ್’ 2017ರಲ್ಲಿ ಬಂದವು. ಜನಪದ ರಾಕ್‌ನ ಹಾದಿ ಹಿಡಿದ ರಘು ದೀಕ್ಷಿತ್ ಅವರ ತಂಡ 2008ರಲ್ಲಿ ಮೊದಲನೆಯದನ್ನೂ 2013ರಲ್ಲಿ ‘ಜಗ್ ಚಂಗಾ’ವನ್ನೂ ಹೊರತಂದಿತು. ‘ಸ್ವರಾತ್ಮ’ ತಂಡಕ್ಕೆ 2009ರಿಂದ 2012ರವರೆಗೆ ಮೂರು ವರ್ಷ ಹಿಡಿಯಿತು. ಈ ನಡುವಿನ ವರ್ಷಗಳನ್ನು ವ್ಯರ್ಥ ಕಾಲವೆನ್ನಲಾಗದು. ಹೊಲ ಬೀಳು ಬಿದ್ದಾಗ ಮೇಲೆ ಏನೂ ಕಾಣದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ.

ಆದರೆ ಕಾಲವೊಂದೇ ಗೊಬ್ಬರವಾಗದು. ಅಗಂ ತಂಡಕ್ಕೆ ತ್ಯಾಗರಾಜರ ಕೃತಿಗಳಿದ್ದವು. ರಘು ದೀಕ್ಷಿತ್ ತಂಡಕ್ಕೆ ಶಿಶುನಾಳ ಷರೀಫರ ತತ್ವಪದಗಳಿದ್ದವು. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಇಷ್ಟು ದೀರ್ಘಕಾಲ ಉಳಿಸಿದ್ದು ಧ್ವನಿಮುದ್ರಣ ಸಂಸ್ಥೆಯಲ್ಲ, ಭಜನೆಯ ಮಂಡಳಿಗಳಲ್ಲಿ ಏಕತಾರಿ ಹಿಡಿದು ಹಾಡಿದ ರೈತರು, ಕೂಲಿಕಾರರು. ನಗರದ ತಂಡ ಉತ್ತುವ ಮಣ್ಣು ಅನೇಕ ತಲೆಮಾರುಗಳ ಅನಾಮಧೇಯ ದುಡಿಮೆಯಿಂದ ಕಪ್ಪಾದ ಮಣ್ಣು.

ಅಂಥ ಮಣ್ಣು ಕೋಲಾರ ಸೀಮೆಯಲ್ಲಿ ಧಾರಾಳವಾಗಿದೆ. ಕನ್ನಡದಲ್ಲಿ ದೇವರನಾಮಗಳ ಪರಂಪರೆಗೆ ದಾರಿ ತೆರೆದ ಶ್ರೀಪಾದರಾಜರು ಹದಿನೈದನೆಯ ಶತಮಾನದಲ್ಲಿ ನೆಲೆಸಿದ್ದುದು ಮುಳಬಾಗಿಲಿನಲ್ಲಿ. ಕೋಲಾರದ ಬೆಟ್ಟದ ಮೇಲಿನ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ವು ಬೆಳದಿಂಗಳ ‘ಹುಣ್ಣಿಮೆ ಹಾಡು’ಗಳಿಂದ ಹೆಸರಾಯಿತು. ಊರ ಹೊರಗಿನ ಕೇರಿಯ ಬಿಟ್ಟಿ ಚಾಕರಿಯ ಗುರುತಾಗಿದ್ದ ತಮಟೆಯನ್ನು ಸ್ವಾಭಿಮಾನದ ವಾದ್ಯವನ್ನಾಗಿ ಮಾಡಿದ್ದು ದಲಿತ ಚಳವಳಿ. ಅದರಲ್ಲಿ ಈ ಜಿಲ್ಲೆಯ ಹಾಡುಗಾರರ ಪಾಲು ದೊಡ್ಡದು. ಹಿಂದೆ ಕೋಲಾರದ ಭಾಗವೇ ಆಗಿದ್ದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ತ್ಯಾಗರಾಜರ ತೆಲುಗು ಸಾಹಿತ್ಯವೂ ಗಡಿಯ ಈ ಊರುಗಳಿಗೆ ಅನ್ಯವಲ್ಲ. ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗು ಅಡುಗೆಮನೆಯ ಮಾತು.

ಈ ಮಣ್ಣಿನ ಸಾರ ಹೊರಗೆ ಹರಿಯುವುದು ಹೊಸ ಸಂಗತಿಯೇನಲ್ಲ. ಮಾಲೂರಿನ ಜೇಡಿಮಣ್ಣು ಇಟ್ಟಿಗೆಯಾಗಿ, ಹೆಂಚಾಗಿ ಬೆಂದು ನಗರದ ಗೋಡೆ ಮಾಡುಗಳನ್ನು ಸೇರಿತು. ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ, ಹಾಲು, ಬಂಡೆಕಲ್ಲು ಎಲ್ಲವೂ ಹೊರಟವು. ಪ್ರತಿಯಾಗಿ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ಬಂದುದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿದ ನೀರು. ಬತ್ತಿದ ಕೆರೆಗಳು ಅದರಿಂದ ತುಂಬಿದವು, ಅಂತರ್ಜಲ ಏರಿತು ಎಂಬುದು ನಿಜ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆಯೂ ಅಷ್ಟೇ ನ್ಯಾಯವಾದುದು. ಹಾಡಿನ ವ್ಯವಹಾರದಲ್ಲಿಯೂ ಈ ಲೆಕ್ಕ ಕೇಳಬೇಕಾಗಿದೆ. ನೆಲದಿಂದ ಹೋದುದೇನು, ಮರಳಿ ಬಂದುದೇನು, ಯಾವ ಗುಣಮಟ್ಟದಲ್ಲಿ ಬಂತು?

ಇದಕ್ಕೊಂದು ಆಕ್ಷೇಪವುಂಟು. ಹಾಡು ಮಾವಿನ ಹಣ್ಣಲ್ಲ, ಒಬ್ಬರು ಒಯ್ದರೆ ಇನ್ನೊಬ್ಬರಿಗೆ ಕಡಿಮೆಯಾಗದು. ಹಾಡಿದಷ್ಟೂ ಅದು ಬೆಳೆಯುತ್ತದೆ. ಷರೀಫರ ಹೆಸರನ್ನೇ ಕೇಳದಿದ್ದ ಯುವಜನರಿಗೆ ಗಿಟಾರ್ ಹಿಡಿದವರೇ ಅವರನ್ನು ಪರಿಚಯಿಸಿದರು. ಈ ಆಕ್ಷೇಪದಲ್ಲಿ ಸತ್ಯವಿದೆ. ಹಾಡಿಗೆ ಬೇಲಿ ಹಾಕುವುದು ಹಾಡನ್ನು ಕೊಂದಂತೆ. ಆದರೆ ಹಾಡುವ ಸಂದರ್ಭ ಮಾತ್ರ ಖಂಡಿತ ಕಡಿಮೆಯಾಗುತ್ತದೆ. ರಾಗಿ ಹೊಲ ನೀಲಗಿರಿ ತೋಪಾದಾಗ ಕಳೆ ಕೀಳುವ ಹೆಂಗಸರ ಸಾಲು ಇಲ್ಲವಾಯಿತು. ಕಣ ಹೋಗಿ ರಸ್ತೆಯ ಮೇಲೆ ತೆನೆ ಹರಡಿದಾಗ ಕಣದ ಪದ ಹೋಯಿತು. ಜಮೀನು ಬಡಾವಣೆಯಾದಾಗ ಬಿತ್ತನೆಯ ಸೋಬಾನೆಗೆ ಎಡೆಯಿಲ್ಲದಾಯಿತು. ಮರವನ್ನು ಕಡಿದು ಬೀಜವನ್ನು ಮಾತ್ರ ಡಬ್ಬಿಯಲ್ಲಿ ಕಾದಿಟ್ಟಂತೆ, ಧ್ವನಿಮುದ್ರಿಕೆಯಲ್ಲಿ ಹಾಡು ಉಳಿಯಬಹುದು, ಅದರ ಬೇಸಾಯ ಉಳಿಯದು.

2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ತಳಿಯನ್ನೂ ಅದರ ಅರಿವನ್ನೂ ವಾಣಿಜ್ಯಕ್ಕೆ ಬಳಸಿದವರು ಲಾಭದಲ್ಲಿ ಪಾಲು ಕೊಡಬೇಕೆಂಬ ತತ್ವವನ್ನು ಒಪ್ಪಿತು. ಹಾಡಿಗೆ ಅಂಥ ಏರ್ಪಾಡಿಲ್ಲ. ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಸಿದ್ಧಪಡಿಸುವ ಜನತಾ ದಾಖಲೆಯಲ್ಲಿ ರಾಗಿ, ಅವರೆ, ನವಣೆಯ ತಳಿಗಳ ಹೆಸರಿನ ಪಕ್ಕದಲ್ಲಿಯೇ ಅವುಗಳ ಹಾಡನ್ನೂ ಹಾಡಿದವರ ಹೆಸರನ್ನೂ ಬರೆದಿಡಬಹುದು. ಆ ಕೆಲಸಕ್ಕೆ ವಿದ್ಯಾರ್ಥಿಗಳೇ ತಕ್ಕವರು. ಹಾಡನ್ನು ಒಯ್ಯುವ ತಂಡ ಊರಿನ ಹೆಸರನ್ನೂ ಹಾಡುಗಾರ್ತಿಯ ಹೆಸರನ್ನೂ ಮುದ್ರಿಕೆಯ ಮೇಲೆ ಅಚ್ಚು ಹಾಕಿಸಲಿ, ಗಳಿಕೆಯಲ್ಲಿ ಒಂದು ಪಾಲನ್ನು ಕೊಡಲಿ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ಧ್ವನಿಮುದ್ರಿಕೆಗೆ ಮೊದಲು ಅದೇ ಊರಿಗೆ ಮರಳಿ ಬಂದು ಕೂತು ಕೇಳಲಿ.

ಕಾಲೇಜುಗಳಲ್ಲಿ ತಂಡ ಕಟ್ಟಲು ಹಂಬಲಿಸುವ ಬೆಟ್ಟದ ಹುಡುಗ ಹುಡುಗಿಯರಿಗೂ ಇದೇ ಪಾಠ ಅನ್ವಯಿಸುತ್ತದೆ. ಗಿಟಾರ್ ಹಿಡಿಯುವುದು ತಪ್ಪಲ್ಲ, ತಮಟೆಯ ಲೆಕ್ಕಾಚಾರವನ್ನು ಅರಿಯದೆ ಹಿಡಿಯುವುದು ನಷ್ಟ. ಕೋಲಾರದ ರೈತ ರಾಗಿಯೊಂದನ್ನೇ ಬಿತ್ತಿದವನಲ್ಲ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಿದ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯೆಂದು ಕೃಷಿ ವಿಜ್ಞಾನವೂ ಆಮೇಲೆ ಶಿಫಾರಸು ಮಾಡಿತು. ಆ ಸಾಲಿನ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಉದುರಿದ ಎಲೆ, ಕೊಳೆತ ಬೇರಿನ ಮೂಲಕ ಅದರಲ್ಲೊಂದು ಪಾಲು ಮಣ್ಣಿಗೆ ಸೇರುತ್ತದೆ. ಆ ಸಾಲಿಗಾಗಿ ರಾಗಿ ಒಂದಿಷ್ಟು ಜಾಗ ಬಿಟ್ಟುಕೊಡಬೇಕಾಗುತ್ತದೆ. ಮುಂದಿನ ವರ್ಷದ ತೆನೆ ನಿಂತಿರುವುದು ಹಾಗೆ ಬಿಟ್ಟುಕೊಟ್ಟ ಜಾಗದ ಮೇಲೆ.